ಹಕ್ಕಿ ಫೋಟೋಗೆ ಸೆಕೆಂಡ್ ಹ್ಯಾಂಡ್ ನಿಕಾನ್ ಡಿ500 ಮತ್ತು 200-500: ಈಗ ತಗೊಳ್ಳೋದು ಸರಿಯೇ?

ಬಾಯ್ಕಳಕ (ಪ್ರಶ್ನೆ)

ಹಕ್ಕಿ ಮತ್ತು ಸಫಾರಿ ಫೋಟೋಗೆ ಒಂದು ಸೆಟ್ ಬೇಕು. ಬಾಡಿ, ಲೆನ್ಸ್ ಎರಡೂ ಸೇರಿ ಒಂದೂಕಾಲು ಲಕ್ಷ ದಾಟಬಾರದು. ಕಣ್ಣು ಬಿದ್ದಿರುವುದು ಬಳಸಿದ ನಿಕಾನ್ ಡಿ500 ಮೇಲೆ, ಜೊತೆಗೆ ನಿಕಾನ್‌ದೇ 200-500 ಎಂಎಂ ಎಫ್/5.6. ಓಡಾಟ ಹೆಚ್ಚಾಗಿ ರಂಗನತಿಟ್ಟು, ಕೊಕ್ಕರೆ ಬೆಳ್ಳೂರು, ಆಗೊಮ್ಮೆ ಈಗೊಮ್ಮೆ ಕಬಿನಿ. ವಿಡಿಯೊ ಬೇಕಿಲ್ಲ.

2016ರ ಡಿಎಸ್‌ಎಲ್‌ಆರ್‌ಗೆ ಈಗ ದುಡ್ಡು ಹಾಕುವುದು ದಡ್ಡತನವೇ? ಅದರ ಬದಲು ನಿಕಾನ್‌ದೇ ಮಿರರ್‌ಲೆಸ್ (ಒಳಗೆ ಕನ್ನಡಿ ಇಲ್ಲದ) ಝಡ್50-2 ಬಾಡಿ ತಗೊಂಡು, ಅಡಾಪ್ಟರ್ ಹಾಕಿ ಇದೇ ಲೆನ್ಸ್ ಬಳಸಿದರೆ ಹೇಗೆ? ಇನ್ನೊಂದು ವಿಷಯ. ಮಾರುವವರು ಶಟರ್ ಕೌಂಟ್ (ಇದುವರೆಗೆ ತೆಗೆದ ಫೋಟೋಗಳ ಸಂಖ್ಯೆ) 68,000 ಅಂತಾರೆ. ವಾಟ್ಸಾಪ್‌ನಲ್ಲಿ ಕಳಿಸಿದ ಸ್ಯಾಂಪಲ್ ಫೋಟೋಗಳು ಯಾಕೋ ಮೆತ್ತಗೆ ಕಾಣುತ್ತಿವೆ. ತಪ್ಪು ಬಾಡಿಯದೋ ಲೆನ್ಸಿನದೋ ತಿಳಿಯುವುದು ಹೇಗೆ?

ಕತ್ತಲೆಕೋಣೆ

ದಡ್ಡತನವೇನಲ್ಲ. ಆದರೆ ಯಾವುದಕ್ಕೆ ದುಡ್ಡು ಕೊಡುತ್ತಿದ್ದೀರಿ ಅನ್ನುವುದು ಗೊತ್ತಿರಲಿ. ಡಿ500 ಚಿತ್ರದ ಗುಣಮಟ್ಟಕ್ಕಾಗಿ ಕೊಳ್ಳುವ ಕ್ಯಾಮೆರಾ ಅಲ್ಲ. 20.9 ಮೆಗಾಪಿಕ್ಸೆಲ್‌ನ ಡಿಎಕ್ಸ್ (ಫುಲ್ ಫ್ರೇಮಿಗಿಂತ ಸಣ್ಣ) ಸೆನ್ಸರ್ ಚೆನ್ನಾಗಿಯೇ ಇದೆ, ಅಷ್ಟೇ. ಅದಕ್ಕಿಂತ ಅಗ್ಗದ ಡಿ7500ರಲ್ಲೂ ಅಷ್ಟೇ ಮೆಗಾಪಿಕ್ಸೆಲ್ ಸಿಗುತ್ತದೆ. ದುಡ್ಡು ಹೋಗುವುದು ಆಟೋಫೋಕಸ್‌ಗೆ, ಬಫರ್‌ಗೆ (ಕಾರ್ಡಿಗೆ ಬರೆಯುವವರೆಗೆ ಚಿತ್ರ ಹಿಡಿದಿಡುವ ಜಾಗ), ಕೈಗೆ ಸಿಗುವ ಬಟನ್‌ಗಳಿಗೆ.

153 ಫೋಕಸ್ ಪಾಯಿಂಟ್, ಅದರಲ್ಲಿ 99 ಕ್ರಾಸ್ ಟೈಪ್. ನೀವೇ ಆರಿಸಿಕೊಳ್ಳಬಹುದಾದದ್ದು 55 ಮಾತ್ರ, ಉಳಿದವು ಅವುಗಳಿಗೆ ನೆರವು. ಈ ಪಾಯಿಂಟ್‌ಗಳು ಫ್ರೇಮಿನ ಎಡ ಅಂಚಿನಿಂದ ಬಲ ಅಂಚಿನವರೆಗೂ ಹರಡಿವೆ. ಫುಲ್ ಫ್ರೇಮ್ ಡಿಎಸ್‌ಎಲ್‌ಆರ್‌ಗಳಲ್ಲಿ ಅವೆಲ್ಲ ನಡುವೆ ಗುಂಪುಗೂಡಿರುತ್ತವೆ. ಅವುಗಳಲ್ಲಿ ಹಕ್ಕಿ ಸ್ವಲ್ಪ ಪಕ್ಕಕ್ಕೆ ಸರಿದರೂ ಪಾಯಿಂಟ್ ಕೈಬಿಡುತ್ತದೆ. ಸೆಕೆಂಡಿಗೆ 10 ಫ್ರೇಮ್, ವೇಗದ ಎಕ್ಸ್‌ಕ್ಯೂಡಿ ಕಾರ್ಡ್ ಇದ್ದರೆ ಒಂದೇ ಉಸಿರಿಗೆ 200 ರಾ ಫೈಲ್, ಅಂದರೆ ಬಟನ್ ಒತ್ತಿ ಹಿಡಿದರೆ 20 ಸೆಕೆಂಡ್. ರೀವ (ಟರ್ನ್ ಹಕ್ಕಿ) ನೀರಿಗೆ ಬಿದ್ದು ಮೀನು ಹಿಡಿದು ಮೇಲೆದ್ದು ಹೋಗುವವರೆಗೂ ಕ್ಯಾಮೆರಾ ಉಸಿರುಗಟ್ಟುವುದಿಲ್ಲ.

ಇನ್ನು ದೋಷಗಳು. ಹಕ್ಕಿಯ ಕಣ್ಣು ಹುಡುಕುವ ಫೋಕಸ್ ಇಲ್ಲ. ಪಾಯಿಂಟನ್ನು ಕಣ್ಣಿನ ಮೇಲೆ ಇಡುವುದು ನಿಮ್ಮ ಹೆಬ್ಬೆರಳಿನ ಕೆಲಸ. ಸದ್ದಿಲ್ಲದ ಶಟರ್ ಇಲ್ಲ. ಕ್ವಯಟ್ ಕಂಟಿನ್ಯೂಯಸ್ ಅಂತ ಒಂದು ಮೋಡ್ ಇದೆ, ಅದರಲ್ಲಿ ಸೆಕೆಂಡಿಗೆ 3 ಫ್ರೇಮ್ ಮಾತ್ರ, ಅದೂ ಪೂರ್ತಿ ಮೌನವಲ್ಲ. ಬಾಡಿಯೊಳಗೆ ಸ್ಟೆಬಿಲೈಸೇಶನ್ ಇಲ್ಲ, ಲೆನ್ಸಿನ ವಿಆರ್ (ಕೈ ಅಲುಗಾಟ ತಗ್ಗಿಸುವ ಏರ್ಪಾಡು) ಮೇಲೇ ನಂಬಿಕೆ. ಲೈವ್ ವ್ಯೂನಲ್ಲಿ ಫೋಕಸ್ ಎತ್ತಿನ ಗಾಡಿ. ಸ್ನ್ಯಾಪ್‌ಬ್ರಿಜ್ ಆ್ಯಪನ್ನು ನಂಬಿ ಕೂರಬೇಡಿ, ಫೋನಿಗೆ ಹಾಕುವ ಒಂದು ಕಾರ್ಡ್ ರೀಡರ್ ತಗೊಳ್ಳಿ. 2022ರಲ್ಲಿ ನಿಕಾನ್ ಇದರ ತಯಾರಿಕೆ ನಿಲ್ಲಿಸಿದೆ, ಆದ್ದರಿಂದ ಮುಂದೆ ಬಿಡಿಭಾಗ ಸಿಗುವುದು ಕಷ್ಟವಾಗುತ್ತಲೇ ಹೋಗುತ್ತದೆ.

ಶಟರ್ ಕೌಂಟ್ ವಿಷಯ. ವಾಟ್ಸಾಪ್‌ನಲ್ಲಿ ಫೋಟೋ ಆಗಿ ಬಂದದ್ದರಲ್ಲಿ ಎಕ್ಸಿಫ್ (ಫೈಲಿನೊಳಗೆ ಕ್ಯಾಮೆರಾ ಬರೆದಿಟ್ಟ ವಿವರ) ಉಳಿದಿರುವುದಿಲ್ಲ, ಸೈಜ್ ಕೂಡ ಕುಗ್ಗಿರುತ್ತದೆ. ಅದನ್ನು ನೋಡಿ ಶಾರ್ಪ್ ಇದೆ, ಇಲ್ಲ ಅಂತ ತೀರ್ಮಾನಿಸಲು ಬರುವುದಿಲ್ಲ. ಎಡಿಟ್ ಮಾಡದ ಮೂಲ ಫೈಲನ್ನು ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ, ಎಕ್ಸಿಫ್‌ಟೂಲ್‌ನಲ್ಲಿ ತೆರೆದರೆ ಶಟರ್ ಕೌಂಟ್ ಕಾಣುತ್ತದೆ. 68,000 ನಿಜವಾಗಿದ್ದರೆ ಹೆದರಬೇಕಿಲ್ಲ. ಶಟರನ್ನು 2 ಲಕ್ಷಕ್ಕೆ ಪರೀಕ್ಷಿಸಿದ್ದಾರೆ. 10 ಫ್ರೇಮ್ ವೇಗದಲ್ಲಿ 68,000 ಅಂದರೆ ಎರಡು ಗಂಟೆಗೂ ಕಡಿಮೆ ಬರ್ಸ್ಟ್! ಹಕ್ಕಿ ಹಿಂದೆ ಓಡಾಡಿದ ಡಿ500ರಲ್ಲಿ 10,000 ಮಾತ್ರ ಅಂದರೇ ನನಗೆ ಅನುಮಾನ.

ಕೈಗೆ ಸಿಕ್ಕಾಗ ನೋಡಬೇಕಾದದ್ದು:

ಎಫ್/22, ಐಎಸ್‌ಒ 100, ಮ್ಯಾನ್ಯುಯಲ್ ಫೋಕಸ್‌ನಲ್ಲಿ ಖಾಲಿ ಆಕಾಶವನ್ನು ಮಸುಕಾಗಿ ತೆಗೆಯಿರಿ. ಮಸುಕು ಚುಕ್ಕೆ ಇದ್ದರೆ ಧೂಳು, ಬ್ಲೋವರ್‌ಗೆ ಹೋಗುತ್ತದೆ ಅಥವಾ ಸ್ವಾಬ್‌ಗೆ. ಗೀರು ಇದ್ದರೆ ವಾಪಸ್ ಕೊಟ್ಟುಬಿಡಿ.

1/4000, 1/8000ರಲ್ಲಿ ಸಮನಾದ ಬೆಳಕಿನ ಗೋಡೆಯ ಕಡೆಗೆ ಹತ್ತತ್ತು ಫ್ರೇಮ್ ಬರ್ಸ್ಟ್. ಯಾವುದಾದರೂ ಒಂದರಲ್ಲಿ ಮೇಲೆ ಅಥವಾ ಕೆಳಗೆ ಕಪ್ಪು ಪಟ್ಟಿ ಬಂದರೆ ಶಟರ್ ಸುಸ್ತಾಗಿದೆ ಅಂತ ಅರ್ಥ. ಗೋಡೆಗೆ ಬಿಸಿಲು ಬೀಳುತ್ತಿರಬೇಕು. ಎಲ್‌ಇಡಿ ಬೆಳಕಿನಲ್ಲಿ ಮಾಡಿದರೆ ದೀಪದ ಮಿನುಗೇ ಪಟ್ಟಿಯಾಗಿ ಬಂದು ಒಳ್ಳೆ ಶಟರ್ ಮೇಲೂ ಗೂಬೆ ಕೂರುತ್ತದೆ.

ಬ್ಯಾಟರಿ. ಸೆಟಪ್ ಮೆನುವಿನ ಬ್ಯಾಟರಿ ಇನ್ಫೋದಲ್ಲಿ ವಯಸ್ಸು 0ರಿಂದ 4ರವರೆಗೆ ತೋರಿಸುತ್ತದೆ. 4 ಅಂದರೆ ಮುಗಿಯಿತು. ಹಳೆಯ ಇಎನ್-ಇಎಲ್15ರ ಕೆಳಗೆ ಲಿ-ಅಯಾನ್01 ಅಂತ ಅಚ್ಚಾಗಿದ್ದರೆ ಅದು ಡಿ500ರಲ್ಲಿ ಬೇಗ ಖಾಲಿ ಅಂತ ತೋರಿಸುತ್ತದೆ. ಲಿ-ಅಯಾನ್20 ಇರಬೇಕು, ಅಥವಾ ನಂತರದ 15ಎ, 15ಬಿ, 15ಸಿ. ಒಳ್ಳೆ ಬ್ಯಾಟರಿಯಾದರೆ ಅಧಿಕೃತ ಲೆಕ್ಕವೇ 1240 ಶಾಟ್; ಬರ್ಸ್ಟ್‌ನಲ್ಲಿ ಇನ್ನೂ ಹೆಚ್ಚು ಬರುತ್ತದೆ.

ಹೆಬ್ಬೆರಳು ಕೂರುವ ಜಾಗದ ರಬ್ಬರ್ ಉಬ್ಬಿದೆಯಾ, ಟಿಲ್ಟ್ ಸ್ಕ್ರೀನ್ ಎಳೆದಾಗ ಚಿತ್ರ ಮಿನುಗುತ್ತದೆಯಾ, ಎರಡೂ ಕಾರ್ಡ್ ಸ್ಲಾಟ್ ಓದುತ್ತವೆಯಾ ನೋಡಿ. ವ್ಯೂಫೈಂಡರ್ ಒಳಗಿನ ಧೂಳು ಚಿತ್ರಕ್ಕೆ ಬರುವುದಿಲ್ಲ, ಅದಕ್ಕೆ ಬೆಲೆ ಚೌಕಾಸಿ ಮಾಡಬಹುದು ಅಷ್ಟೇ.

ಲೆನ್ಸಿಗೆ ಹಿಂದಿನಿಂದ ಟಾರ್ಚ್ ಹಿಡಿದು ಮುಂದಿನಿಂದ ನೋಡಿ. ಜೇಡರ ಬಲೆಯಂಥ ಎಳೆ ಕಂಡರೆ ಫಂಗಸ್. ಕರಾವಳಿ, ಮಲೆನಾಡಿನಿಂದ ಬಂದ ಲೆನ್ಸಾದರೆ ಇದನ್ನು ಬಿಡಲೇಬೇಡಿ.

ಕನ್ನಡಿಯಿಲ್ಲ

ಕತ್ತಲೆಕೋಣೆಯವರು ಹೇಳಿದ್ದು ಸರಿ, ಆದರೆ ಝಡ್50-2 ಕಡೆಯ ವಾದ ಯಾರೂ ಹೇಳಲಿಲ್ಲ. ಹಕ್ಕಿಯನ್ನು ಗುರುತಿಸಿ ಕಣ್ಣಿಗೆ ಅಂಟಿಕೊಳ್ಳುವ ಫೋಕಸ್ ಅದರಲ್ಲಿದೆ. ಸೆನ್ಸರ್ ಮೇಲೇ ಫೋಕಸ್ ಅಳೆಯುವುದರಿಂದ ಫೈನ್ ಟ್ಯೂನ್ ತಲೆನೋವಿಲ್ಲ. ಪ್ರೀ-ರಿಲೀಸ್ ಕ್ಯಾಪ್ಚರ್ ಇದೆ: ಶಟರನ್ನು ಅರ್ಧ ಒತ್ತಿ ಕಾಯುತ್ತಿದ್ದರೆ, ಪೂರ್ತಿ ಒತ್ತುವುದಕ್ಕೆ ಒಂದು ಸೆಕೆಂಡ್ ಮುಂಚಿನ ಫ್ರೇಮುಗಳೂ ಸಿಗುತ್ತವೆ. ಮಿಂಚುಳ್ಳಿ ಕೊಂಬೆಯಿಂದ ಹಾರುವ ಗಳಿಗೆಗೆ ಡಿ500ರಲ್ಲಿ ಅದೃಷ್ಟ ಬೇಕು, ಇದರಲ್ಲಿ ಬೇಡ.

ಆದರೆ ಪೂರ್ತಿ ನಿಜ ಹೇಳಬೇಕಲ್ಲ. ಆ ಸೌಲಭ್ಯ ಜೆಪೆಗ್‌ನಲ್ಲಿ ಮಾತ್ರ, ಎಲೆಕ್ಟ್ರಾನಿಕ್ ಶಟರ್‌ನಲ್ಲಿ. ಸೆನ್ಸರ್ ಸಾಲುಸಾಲಾಗಿ ನಿಧಾನವಾಗಿ ಓದುವುದರಿಂದ ಜೋರಾಗಿ ಬಡಿಯುವ ರೆಕ್ಕೆ ಬಾಳೆ ಎಲೆ ಹಾಗೆ ಬಾಗುತ್ತದೆ. ಮೆಕ್ಯಾನಿಕಲ್ ಶಟರ್ 1/4000ಕ್ಕೇ ನಿಲ್ಲುತ್ತದೆ. ಕಾರ್ಡ್ ಸ್ಲಾಟ್ ಒಂದೇ. ಬ್ಯಾಟರಿ ಸಣ್ಣದು, ಸಫಾರಿಗೆ ಕನಿಷ್ಠ ಮೂರು ಜೇಬಿನಲ್ಲಿರಲಿ.

ಮಿರರ್‌ಲೆಸ್ ಅಂದರೆ ಹಗುರ ಅನ್ನುವ ಮಾತಿಗೆ ಮಾತ್ರ ಮರುಳಾಗಬೇಡಿ. ಡಿ500 860 ಗ್ರಾಂ, 200-500 2300 ಗ್ರಾಂ, ಒಟ್ಟು 3160. ಝಡ್50-2 550, ಎಫ್‌ಟಿಝಡ್-2 ಅಡಾಪ್ಟರ್ 125, ಅದೇ ಲೆನ್ಸ್ 2300: ಒಟ್ಟು 2975. ಉಳಿದದ್ದು 185 ಗ್ರಾಂ, ಒಂದು ದೊಡ್ಡ ಮಾವಿನಹಣ್ಣಿನ ತೂಕ. ಮೇಲಾಗಿ ಸಣ್ಣ ಗ್ರಿಪ್ಪಿನ ಮುಂದೆ ಇಷ್ಟುದ್ದ ಲೆನ್ಸ್ ಇದ್ದರೆ ತೂಕವೆಲ್ಲ ಎಡಗೈಗೆ ಬೀಳುತ್ತದೆ.

ನನ್ನ ತೀರ್ಪು: ಮುಂದೆ ಝಡ್ ಮೌಂಟಿನ 180-600 ತಗೊಳ್ಳುವ ಯೋಚನೆ ಇದ್ದರೆ ಈಗಲೇ ಝಡ್50-2. ಈ ಸೆಟ್ಟಿನಲ್ಲೇ ನಾಲ್ಕೈದು ವರ್ಷ ತೆಗೆಯುವುದಾದರೆ ಡಿ500.

ಬಾಯ್ಕಳಕ

ಧನ್ಯವಾದ. 180-600 ಸದ್ಯಕ್ಕೆ ಕನಸು. ಡಿ500 ಕಡೆಗೇ ವಾಲುತ್ತಿದ್ದೇನೆ. ಫೈನ್ ಟ್ಯೂನ್ ತಲೆನೋವು ಅಂದರಲ್ಲ, ಅದೇನು ಅಂತ ಬಿಡಿಸಿ ಹೇಳ್ತೀರಾ? ಸ್ಯಾಂಪಲ್ ಮೆತ್ತಗಿರುವುದಕ್ಕೆ ಅದೇ ಕಾರಣವೇ?

ಕತ್ತಲೆಕೋಣೆ

ಇರಬಹುದು. ಡಿಎಸ್‌ಎಲ್‌ಆರ್‌ನಲ್ಲಿ ಫೋಕಸ್ ಅಳೆಯುವ ಮಾಡ್ಯೂಲ್ ಕನ್ನಡಿಯ ಕೆಳಗಿರುತ್ತದೆ, ಚಿತ್ರ ಬೀಳುವ ಸೆನ್ಸರ್ ಹಿಂದಿರುತ್ತದೆ. ಎರಡು ದಾರಿಗಳ ಉದ್ದ ಕೂದಲೆಳೆಯಷ್ಟು ಬೇರೆಯಾದರೂ ಕ್ಯಾಮೆರಾ "ಸರಿಯಾಗಿದೆ" ಅನ್ನುತ್ತದೆ, ಚಿತ್ರದಲ್ಲಿ ಕಣ್ಣಿನ ಬದಲು ಬೆನ್ನಿನ ಗರಿ ಶಾರ್ಪ್ ಆಗಿರುತ್ತದೆ. 500 ಎಂಎಂ, ಎಫ್/5.6ರಲ್ಲಿ ಹತ್ತು ಮೀಟರ್ ದೂರದ ಹಕ್ಕಿಗೆ ಡೆಪ್ತ್ (ಶಾರ್ಪ್ ಆಗಿ ಬರುವ ಆಳ) ಕೆಲವು ಸೆಂಟಿಮೀಟರ್ ಅಷ್ಟೇ. ಅಲ್ಲಿ ಸಣ್ಣ ತಪ್ಪೂ ಎದ್ದು ಕಾಣುತ್ತದೆ.

ಮೊದಲು ತಪ್ಪು ಎಲ್ಲಿದೆ ಅಂತ ಬೇರ್ಪಡಿಸಿ. ಟ್ರೈಪಾಡ್ ಮೇಲೆ, ಅದೇ ಗುರಿಯನ್ನು ಒಮ್ಮೆ ವ್ಯೂಫೈಂಡರ್‌ನಲ್ಲಿ, ಒಮ್ಮೆ ಲೈವ್ ವ್ಯೂನಲ್ಲಿ ಫೋಕಸ್ ಮಾಡಿ ತೆಗೆಯಿರಿ. ಲೈವ್ ವ್ಯೂದು ಶಾರ್ಪ್, ವ್ಯೂಫೈಂಡರಿನದು ಮೆತ್ತಗೆ ಅಂದರೆ ಹೊಂದಾಣಿಕೆ ತಪ್ಪಿದೆ, ಮನೆಯಲ್ಲೇ ಸರಿಮಾಡಬಹುದು. ಎರಡೂ ಮೆತ್ತಗೆ ಅಂದರೆ ಲೆನ್ಸಿನ ಗಾಜು ಕದಲಿರಬಹುದು. ಆ ಲೆನ್ಸ್ ಬೇಡ. ಒಂದು ಬದಿ ಶಾರ್ಪ್, ಇನ್ನೊಂದು ಬದಿ ಕಲಸಿದಂತಿದ್ದರೂ ಅದೇ ಕಥೆ.

ಸರಿಮಾಡುವ ಕ್ರಮ. ಲೆನ್ಸ್ 500ಕ್ಕೆ ಇಡಿ, ಎಫ್/5.6, ವಿಆರ್ ಆಫ್. ಗುರಿ ಸಪಾಟಾಗಿರಲಿ, ಕಪ್ಪು-ಬಿಳಿ ಅಕ್ಷರಗಳಿರುವ ಡಬ್ಬದ ಮುಖ ಸಾಕು. ಕ್ಯಾಮೆರಾಗೆ ನೇರ ಎದುರು, 12ರಿಂದ 15 ಮೀಟರ್ ದೂರ. ಕೋಣೆಯೊಳಗೆ ಮೂರು ಮೀಟರಿನಲ್ಲಿ ಮಾಡಿದರೆ ಆ ದೂರಕ್ಕೆ ಸರಿಯಾಗಿ ಹೊಳೆಯಾಚೆಯ ಹಕ್ಕಿಗೆ ತಪ್ಪುತ್ತದೆ. ಲೈವ್ ವ್ಯೂ ಹಾಕಿ, ಎಎಫ್-ಎಸ್ (ಒಮ್ಮೆ ಫೋಕಸ್ ಮಾಡಿ ನಿಲ್ಲುವ ಮೋಡ್), ನಡುವಿನ ಪಾಯಿಂಟ್. ಫೋಕಸ್ ಮಾಡಿ, ಜೂಮ್ ಒತ್ತಿ ನಿಜವಾಗಿ ಕೂತಿದೆಯಾ ನೋಡಿ. ಆಮೇಲೆ ಮುಂಭಾಗದಲ್ಲಿ ಲೆನ್ಸ್ ಪಕ್ಕದ ಎಎಫ್ ಮೋಡ್ ಬಟನ್ ಮತ್ತು ಮೇಲಿನ ವಿಡಿಯೊ ರೆಕಾರ್ಡ್ ಬಟನ್, ಎರಡನ್ನೂ ಒಟ್ಟಿಗೆ ಎರಡು ಸೆಕೆಂಡಿಗಿಂತ ಹೆಚ್ಚು ಒತ್ತಿ ಹಿಡಿಯಿರಿ. ಕ್ಯಾಮೆರಾ ತಾನೇ ಲೆಕ್ಕ ಹಾಕಿ ಒಂದು ಅಂಕಿ ಉಳಿಸಿಕೊಳ್ಳುತ್ತದೆ.

ಅಷ್ಟಕ್ಕೇ ನಿಲ್ಲಬೇಡಿ, ಪ್ರತಿ ಸಲ ಅಂಕಿ ಸ್ವಲ್ಪ ಬದಲಾಗುತ್ತದೆ. ಐದು ಸಲ ಮಾಡಿ ಬರೆದಿಟ್ಟುಕೊಂಡು, ಸರಾಸರಿಯನ್ನು ಸೆಟಪ್ ಮೆನುವಿನ ಎಎಫ್ ಫೈನ್-ಟ್ಯೂನ್‌ನಲ್ಲಿ ಕೈಯಿಂದಲೇ ಹಾಕಿ. +3, +5, +4, +4, +6 ಹೀಗೆ ಬಂದರೆ +4. ಒಮ್ಮೆ −8 ಒಮ್ಮೆ +9 ಬಂದರೆ ಟ್ರೈಪಾಡ್ ಅಲುಗುತ್ತಿದೆ ಅಥವಾ ಬೆಳಕು ಸಾಲದು. +20 ಅಥವಾ −20ರ ಗೋಡೆಗೆ ತಾಗಿದರೆ ಅದು ನಿಮ್ಮ ಕೈಯ ಕೆಲಸವಲ್ಲ, ಸರ್ವಿಸ್ ಸೆಂಟರಿನದು. ಒಂದು ಲೆನ್ಸಿಗೆ ಒಂದೇ ಅಂಕಿ, ಜೂಮಿನ ಎರಡು ತುದಿಗೆ ಬೇರೆಬೇರೆ ಹಾಕಲು ಬರುವುದಿಲ್ಲ. 500ರಲ್ಲೇ ಹೆಚ್ಚು ಬಳಸುವುದರಿಂದ 500ಕ್ಕೆ ಸರಿಮಾಡಿ, 200ರಲ್ಲಿ ಬಂದದ್ದು ಬರಲಿ.

ಬಿಸಿಲುಕುದುರೆ

ಅಲ್ರೀ, ಸ್ಯಾಂಪಲ್ ಎಷ್ಟು ಹೊತ್ತಿಗೆ ತೆಗದದ್ದು ಅಂತ ಕೇಳ್ರಿ ಮೊದಲ. ಬೆಳಿಗ್ಗೆ ಹತ್ತರ ಮ್ಯಾಲೆ ಬಿಸಿಲೇರಿದ ನೆಲ, ಬಂಡಿ, ನೀರು ಎಲ್ಲಾ ಕಡೆಯಿಂದ ಗಾಳಿ ಕುದಿಯಾಕ ಹತ್ತತೈತಿ. ಐವತ್ತು ಮೀಟರ್ ಆಚೆ ಕುಂತ ಹಕ್ಕಿ ನೀರಾಗ ಮುಳುಗಿದಂಗ ಕಾಣತೈತಿ. ಹತ್ತು ಫ್ರೇಮ್ ಬರ್ಸ್ಟಿನಾಗ ಎರಡು ಶಾರ್ಪ್, ಎಂಟು ಬ್ಯಾರೆಬ್ಯಾರೆ ರೀತಿ ಕಲಸಿದಂಗ ಇದ್ದರ ಅದು ಬಿಸಿ ಗಾಳಿ. ಹತ್ತೂ ಒಂದೇ ರೀತಿ ಮೆತ್ತಗ ಇದ್ದರ ಫೋಕಸ್ ತಪ್ಪು. ಜೀಪಿನ ಬಾನೆಟ್ ಮ್ಯಾಲಿಂದ ತೆಗೀಬ್ಯಾಡ್ರಿ, ಇಂಜಿನ್ ಬಿಸಿ ಲೆನ್ಸಿನ ಮುಂದನ ಏಳತೈತಿ. ಇದಕ್ಕ ಯಾವ ಫೈನ್ ಟ್ಯೂನೂ ಔಷಧ ಅಲ್ಲ.

ಮತ್ತ ಬ್ಯಾಸಗಿ ಸಫಾರಿಯೊಳಗ ಲೆನ್ಸ್ ಬಿಚ್ಚಬ್ಯಾಡ್ರಿ. ಮುಂದಿನ ಜೀಪಿನ ಕೆಂಪು ಧೂಳು ಒಂದ ನಿಮಿಷದಾಗ ಸೆನ್ಸರಿನ ಮ್ಯಾಲೆ.

ರೀವ

ಸೆಟ್ಟಿಂಗ್ ಬಗ್ಗೆ ಯಾರೂ ಬರೆದಿಲ್ಲ. ಈ ಕ್ಯಾಮೆರಾ ಕೈಗೆ ಬಂದ ಮೊದಲ ವಾರ ಅರ್ಧ ಜನ ಬೈದುಕೊಳ್ಳುವುದು ಇದರಿಂದಲೇ.

ಎಎಫ್-ಸಿ (ಬಿಡದೆ ಫೋಕಸ್ ಮಾಡುತ್ತಲೇ ಇರುವ ಮೋಡ್). ಕೂತ ಹಕ್ಕಿಗೆ ಸಿಂಗಲ್ ಪಾಯಿಂಟ್. ಖಾಲಿ ಆಕಾಶದಲ್ಲಿ ಹಾರುವುದಕ್ಕೆ ಗ್ರೂಪ್ ಏರಿಯಾ; ಅದು ಹತ್ತಿರದಲ್ಲಿರುವುದನ್ನು ಹಿಡಿಯುತ್ತದೆ, ಆಕಾಶದಲ್ಲಿ ಹತ್ತಿರದ್ದು ಅಂದರೆ ಹಕ್ಕಿಯೇ. ಅದೇ ಗ್ರೂಪನ್ನು ಪೊದೆಯಲ್ಲಿ ಬಳಸಿದರೆ ಹಕ್ಕಿಯ ಮುಂದಿನ ಕಡ್ಡಿ ಶಾರ್ಪ್ ಆಗುತ್ತದೆ, ಹಕ್ಕಿ ಮಸುಕು. ಮರಗಳ ಹಿನ್ನೆಲೆಯಲ್ಲಿ ಹಾರುವುದಕ್ಕೆ 25 ಪಾಯಿಂಟಿನ ಡೈನಾಮಿಕ್. ಕಸ್ಟಮ್ ಮೆನುವಿನ ಎ3ರಲ್ಲಿ ಬ್ಲಾಕ್ಡ್ ಶಾಟ್ ಅನ್ನುವುದನ್ನು 4ಕ್ಕೆ ಇಟ್ಟರೆ ಮಧ್ಯೆ ಜೊಂಡು ಅಡ್ಡ ಬಂದರೂ ಫೋಕಸ್ ಹಕ್ಕಿಯನ್ನು ಬಿಟ್ಟು ಓಡುವುದಿಲ್ಲ.

ಮ್ಯಾನ್ಯುಯಲ್ ಮೋಡ್, ಆಟೋ ಐಎಸ್‌ಒ, ಮೇಲ್ಮಿತಿ 6400. ಕೂತ ಹಕ್ಕಿಗೆ 1/500, ಹಾರುವ ಹೆಜ್ಜಾರ್ಲೆಗೆ (ಪೆಲಿಕನ್) 1/1600 ಸಾಕು (ಅದು ರೆಕ್ಕೆ ಬೀಸುವುದೇ ಸಾವಕಾಶ), ರೀವಕ್ಕೆ, ಮಿಂಚುಳ್ಳಿಗೆ 1/3200. ಐಎಸ್‌ಒ 3200ರವರೆಗೆ ಗರಿಯ ಎಳೆ ಉಳಿಯುತ್ತದೆ. 6400ರಲ್ಲಿ ಫ್ರೇಮ್ ತುಂಬ ಹಕ್ಕಿ ಇದ್ದರೆ ನಡೆಯುತ್ತದೆ, ಕ್ರಾಪ್ ಮಾಡಿದರೆ ಇಲ್ಲ. ಕಬಿನಿಯಲ್ಲಿ ಸಂಜೆ ಆರರ ನಂತರ ಎಫ್/5.6 ಈ ಮಿತಿಗೆ ಬಂದು ನಿಲ್ಲುತ್ತದೆ. ಆಗ ಚಿರತೆ ಸಿಕ್ಕರೆ ಜೀಪಿನ ಕಂಬಿಗೆ ಬೀನ್ ಬ್ಯಾಗ್ ಒತ್ತಿ, ವಿಆರ್ ಹಾಕಿ, 1/125ಕ್ಕೆ ಇಳಿದು ಹತ್ತು ತೆಗೆಯಿರಿ. ಅದು ತಲೆ ಅಲುಗಿಸದ ಎರಡು ಉಳಿಯುತ್ತವೆ.

ಬಿಳಿ ಹಕ್ಕಿ ಇನ್ನೊಂದು ಬಲೆ. ಕಪ್ಪು ನೀರಿನ ಮುಂದೆ ಬೆಳ್ಳಕ್ಕಿ ಇದ್ದರೆ ಬೆಳಕು ಅಳೆಯುವ ಮೀಟರ್ ನೀರನ್ನು ನೋಡಿ ಬೆಳಕು ಹೆಚ್ಚಿಸುತ್ತದೆ, ಹಕ್ಕಿ ಸುಣ್ಣದ ಮುದ್ದೆಯಾಗುತ್ತದೆ. ಎಕ್ಸ್‌ಪೋಷರ್ ಕಾಂಪೆನ್ಸೇಶನ್ −0.7ರಿಂದ −1.3 ಕೊಡಿ, ಅಥವಾ ಹೈಲೈಟ್ ವೇಟೆಡ್ ಮೀಟರಿಂಗ್ ಹಾಕಿ. ಕೊಕ್ಕರೆ ಬೆಳ್ಳೂರಿನಲ್ಲಿ ಇದು ಉಲ್ಟಾ: ಹುಣಸೆ ಮರದ ತುದಿಯ ಗೂಡನ್ನು ಕೆಳಗಿನಿಂದ ನೋಡುತ್ತೀರಿ, ಹಿಂದೆ ಬೆಳ್ಳನೆ ಆಕಾಶ. ಅಲ್ಲಿ +1 ಕೊಡದಿದ್ದರೆ ಹೆಜ್ಜಾರ್ಲೆ ಕರಿ ಬೊಂಬೆ.

ರಂಗನತಿಟ್ಟಿನ ದೋಣಿಯಲ್ಲಿ ಟ್ರೈಪಾಡ್ ದಂಡ. ದೋಣಿ ಅಲುಗಿದರೆ ಟ್ರೈಪಾಡೂ ಅಲುಗುತ್ತದೆ. ಕೈಯಲ್ಲೇ ಹಿಡಿಯಿರಿ, ವಿಆರ್ ಸ್ಪೋರ್ಟ್, 1/1000ಕ್ಕಿಂತ ಕೆಳಗೆ ಇಳಿಯಬೇಡಿ. ಲೆನ್ಸಿನ ಮೇಲಿನ ಫೋಕಸ್ ಲಿಮಿಟ್ ಸ್ವಿಚ್ಚನ್ನು ಅನಂತ-6 ಮೀಟರ್‌ಗೆ ಇಟ್ಟರೆ ಫೋಕಸ್ ಹುಡುಕಾಟ ಕಡಿಮೆಯಾಗುತ್ತದೆ ನಿಜ, ಈ ಲೆನ್ಸ್ ಮೊದಲೇ ನಿಧಾನ. ಆದರೆ ದೋಣಿ ಬಂಡೆಗೆ ತೀರಾ ಹತ್ತಿರ ಹೋದಾಗ ಮೊಸಳೆ ಆರು ಮೀಟರಿನ ಒಳಗೇ ಬಾಯಿ ತೆರೆದು ಮಲಗಿರುತ್ತದೆ, ಕ್ಯಾಮೆರಾ ಫೋಕಸ್ ಮಾಡುವುದೇ ಇಲ್ಲ. ಕ್ಯಾಮೆರಾ ಕೆಟ್ಟಿತು ಅಂದುಕೊಳ್ಳುವ ಮುನ್ನ ಆ ಸ್ವಿಚ್ ನೋಡಿ. ಫುಲ್‌ನಲ್ಲಿ 2.2 ಮೀಟರಿನವರೆಗೂ ಬರುತ್ತದೆ.

ಬಾಯ್ಕಳಕ

ಇಷ್ಟು ವಿವರ ನಿರೀಕ್ಷಿಸಿರಲಿಲ್ಲ. ಕೊನೆಯದು: ಎಕ್ಸ್‌ಕ್ಯೂಡಿ ಕಾರ್ಡ್ ಹೊಸದು ಸಿಗುವುದೇ ಕಷ್ಟ. ಎಸ್‌ಡಿ ಕಾರ್ಡ್ ಒಂದರಲ್ಲೇ ಸಾಗಿಸಬಹುದೇ? ಬಾಡಿ, ಲೆನ್ಸ್ ನಡುವೆ 1.4ಎಕ್ಸ್ ಟೆಲಿಕನ್ವರ್ಟರ್ (ಚಿತ್ರ ಹಿಗ್ಗಿಸುವ ಗಾಜು) ಹಾಕಿದರೆ?

ಕನ್ನಡಿಯಿಲ್ಲ

ಎಸ್‌ಡಿ ಸ್ಲಾಟ್ ಯುಎಚ್‌ಎಸ್-2, ಆದ್ದರಿಂದ ವೇಗದ ಯುಎಚ್‌ಎಸ್-2 ಕಾರ್ಡಿನಲ್ಲಿ ಸಾಗುತ್ತದೆ. ಮಾಮೂಲಿ ಯುಎಚ್‌ಎಸ್-1 ಕಾರ್ಡ್ ಹಾಕಿದರೆ ಬರ್ಸ್ಟ್ ಬೇಗ ಕುಂಟುತ್ತದೆ. ಎಕ್ಸ್‌ಕ್ಯೂಡಿ ಸ್ಲಾಟಿಗೆ ಸಿಎಫ್‌ಎಕ್ಸ್‌ಪ್ರೆಸ್ ಟೈಪ್ ಬಿ ಕಾರ್ಡ್ ಹೊಂದುತ್ತದೆ, ಆದರೆ ಫರ್ಮ್‌ವೇರ್ 1.30 ಅಥವಾ ನಂತರದ್ದು ಇರಬೇಕು. ಕೊಳ್ಳುವಾಗಲೇ ಸೆಟಪ್ ಮೆನುವಿನಲ್ಲಿ ನೋಡಿ. ಆ ಕಾರ್ಡಿನ ಮೇಲೆ ಬರೆದ ದೊಡ್ಡ ವೇಗ ಈ ಕ್ಯಾಮೆರಾದಲ್ಲಿ ಸಿಗುವುದಿಲ್ಲ, ಹಾಗಾಗಿ ಅತಿ ದುಬಾರಿಯದು ಬೇಡ. ಒಂದು ಎಚ್ಚರ: ಎರಡೂ ಸ್ಲಾಟಿಗೆ ಒಟ್ಟಿಗೆ ಬರೆಯುವ ಬ್ಯಾಕಪ್ ಮೋಡ್ ಹಾಕಿದರೆ ನಿಧಾನದ ಕಾರ್ಡ್ ಎಷ್ಟೋ ವೇಗವೂ ಅಷ್ಟೇ. 200 ಫ್ರೇಮ್ ಬಫರ್ ಎಲ್ಲಿ ಹೋಯಿತು ಅಂತ ಹುಡುಕುವವರ ಕ್ಯಾಮೆರಾದಲ್ಲಿ ಸಾಮಾನ್ಯವಾಗಿ ಇದೇ ಆನ್ ಆಗಿರುತ್ತದೆ.

ಕತ್ತಲೆಕೋಣೆ

ಟೆಲಿಕನ್ವರ್ಟರ್ ಬೇಡ. 200-500ಕ್ಕೆ ಹಾಕಿದರೆ ಎಫ್/8 ಆಗುತ್ತದೆ, 153ರಲ್ಲಿ 15 ಪಾಯಿಂಟ್ ಮಾತ್ರ ಕೆಲಸ ಮಾಡುತ್ತವೆ, ಆರಿಸಲು ಸಿಗುವುದು 9. ಅರ್ಧ ಬೆಳಕು ಹೋಯಿತು, ಯಾವ ಫೋಕಸ್‌ಗಾಗಿ ಡಿ500 ಕೊಂಡಿರೋ ಅದೂ ಹೋಯಿತು. ಆ ದುಡ್ಡಿಗೆ ಎರಡನೇ ಬ್ಯಾಟರಿ, ಲೆನ್ಸ್ ಕಾಲಿಗೆ ಆರ್ಕಾ ಪ್ಲೇಟ್ (ಟ್ರೈಪಾಡಿನ ತಲೆಗೆ ಜಾರಿಸಿ ಬಿಗಿಯುವ ಪಟ್ಟಿ; ಜೊತೆಗೆ ಬರುವ ಕಾಲಿಗೆ ಆ ತೋಡು ಇಲ್ಲ), ಒಂದು ಗಾಳಿಯಾಡದ ಡಬ್ಬ ಮತ್ತು ಹೈಗ್ರೊಮೀಟರ್ ತಗೊಳ್ಳಿ. ಡಬ್ಬದೊಳಗೆ ತೇವಾಂಶ ಶೇಕಡಾ 40ರಿಂದ 50 ಇರಲಿ. ಮಳೆಗಾಲದಲ್ಲಿ ಸಿಲಿಕಾ ಜೆಲ್ ಬಣ್ಣ ಬದಲಾದ ಕೂಡಲೇ ಬಿಸಿಮಾಡಿ ಒಣಗಿಸಿ ಮತ್ತೆ ಹಾಕಿ. ಮತ್ತೆ, ಎತ್ತುವಾಗ ಬಾಡಿ ಹಿಡಿದು ಎತ್ತಬೇಡಿ, ಲೆನ್ಸಿನ ಕಾಲು ಹಿಡಿದು ಎತ್ತಿ. ಸ್ಟ್ರಾಪ್ ಕೂಡ ಅಲ್ಲಿಗೇ ಕಟ್ಟಿ. 2.3 ಕಿಲೋ ಮೌಂಟಿನಿಂದ ಜೋತಾಡುವುದು ಒಳ್ಳೆಯದಲ್ಲ.